ಉಗಿ ಎಂಜಿನ್ ಉಳಿಯುವುದು ವರ್ಕ್‌ಶಾಪಿನಲ್ಲಿ

ಜರ್ಮನಿಯಲ್ಲಿ ಇವತ್ತಿಗೂ ಉಗಿ ಎಂಜಿನ್ ಕಟ್ಟಿಕೊಂಡು ದಿನಾ ಓಡುವ ರೈಲುಗಳಿವೆ. ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರಬರುವ ರೈಲುಗಳಲ್ಲ. ಟೈಮ್‌ಟೇಬಲ್ ಇದೆ, ಟಿಕೆಟ್ ಕೌಂಟರ್ ಇದೆ, ಚಳಿಗಾಲದ ಹಿಮದಲ್ಲೂ ಓಡುತ್ತವೆ. ಅವುಗಳ ಅತಿ ದೊಡ್ಡ ಜಾಲ ಇರುವುದು ಹಾರ್ಟ್ಸ್ ಎಂಬ ಬೆಟ್ಟಗಳಲ್ಲಿ, ಸುಮಾರು 140 ಕಿ.ಮೀ. ಉದ್ದ. ಆ ಹಳಿಯ ಅಗಲ 1000 ಮಿ.ಮೀ. ಅಂದರೆ ಸರಿಯಾಗಿ ಒಂದು ಮೀಟರ್.

ನಮ್ಮ ಕಡೆಯವರಿಗೆ ಈ ಅಳತೆ ಗೊತ್ತಿರುವುದೇ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿದ ಹಳಿಗಳೆಲ್ಲ ಮೀಟರ್ ಗೇಜ್. ಗದಗ-ಬಾಗಲಕೋಟೆ-ವಿಜಯಪುರ-ಹೊಟಗಿ ಮಾರ್ಗ ಆಗಲಿ, ಮಿರಜ-ಬೆಳಗಾವಿ-ಲೋಂಡಾ ಆಗಲಿ, ನೂರು ವರ್ಷಕ್ಕೂ ಜಾಸ್ತಿ ಅದೇ ಅಗಲದಲ್ಲಿ ಓಡಿದವು. ನಾವು ಅದನ್ನು ನ್ಯಾರೋ ಗೇಜ್ ಅನ್ನಲಿಲ್ಲ. ನಮಗೆ ನ್ಯಾರೋ ಗೇಜ್ ಅಂದರೆ ಮಾಥೇರಾನ್, ಡಾರ್ಜಿಲಿಂಗ್. ಜರ್ಮನಿಯಲ್ಲಿ ಮಾತ್ರ ಅವರ ಮಾಮೂಲಿ ಹಳಿಯ ಅಗಲವಾದ 1435 ಮಿ.ಮೀ.ಗಿಂತ ಕಡಿಮೆ ಇದ್ದದ್ದೆಲ್ಲ ನ್ಯಾರೋ ಗೇಜೇ. ಹಾಗಾಗಿ ಅವರು ಅಷ್ಟು ಮುತುವರ್ಜಿಯಿಂದ ಉಳಿಸಿಕೊಂಡ ಹಳಿಯೂ, ನಾವು ಕಿತ್ತು ಬ್ರಾಡ್ ಗೇಜ್ ಮಾಡಿದ ಹಳಿಯೂ ಒಂದೇ ಅಗಲದವು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸದವನು. ಲೋಹ ಕರಗಿಸಿ ಎರಕ ಹುಯ್ಯುವುದು ನಮ್ಮ ಕೆಲಸ. ಅಚ್ಚು ಒತ್ತುವ ಮಾದರಿ ಅಂದರೆ ಪ್ಯಾಟರ್ನ್, ಎರಕದ ಒಳಗೆ ಟೊಳ್ಳು ಬಿಡಿಸುವ ಮರಳಿನ ತುಂಡು ಅಂದರೆ ಕೋರ್, ಅಚ್ಚು ಕಟ್ಟುವ ಮೋಲ್ಡಿಂಗ್, ಇದೇ ನಮ್ಮ ದಿನದ ಮಾತು. 2023ರ ಜೂನ್‌ನಲ್ಲಿ ಡ್ಯೂಸಲ್ಡಾರ್ಫ್‌ನಲ್ಲಿ ಗೀಫಾ ಅಂತ ನಡೆಯುವ ದೊಡ್ಡ ಫೌಂಡ್ರಿ ಮೇಳಕ್ಕೆ ಹೋಗಿದ್ದೆ. ಮೇಳ ಮುಗಿದ ಮೇಲೆ ಜೊತೆಗೆ ಬಂದವರು ಪ್ಯಾರಿಸ್ ನೋಡಲು ಹೋದರು, ನಾನು ಹಾರ್ಟ್ಸ್ ಬೆಟ್ಟದ ಬುಡದ ವೆರ್ನಿಗೆರೋಡೆ ಎಂಬ ಸಣ್ಣ ಊರಿನ ರೈಲು ಹತ್ತಿದೆ. ಅಲ್ಲಿ ಕಂಡದ್ದು ಮತ್ತು ಅದರ ಹಿಂದೆ ಬಿದ್ದು ಓದಿದ್ದು ಎರಡನ್ನೂ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಎಂಜಿನ್ ಬಗ್ಗೆ ಬರೆಯುವವರು ಹೊಗೆ, ಶಿಳ್ಳೆ, ಹಳೇ ನೆನಪು ಅಂತ ಬರೆಯುತ್ತಾರೆ. ನನ್ನ ಕಣ್ಣು ಹೋಗಿದ್ದು ಸಿಲಿಂಡರ್ ಕಾಸ್ಟಿಂಗ್ ಮೇಲೆ.

ಮೊದಲು, ಈ ಸಣ್ಣ ಹಳಿಗಳು ಯಾಕೆ ಬಂದವು ಅಂತ ನೋಡೋಣ. ಉತ್ತರ ಸರಳ: ದುಡ್ಡು. ಸ್ಯಾಕ್ಸನಿ ರಾಜ್ಯದ ಬೆಟ್ಟಗಳ ಕಣಿವೆಗಳಲ್ಲಿ ಸಣ್ಣಸಣ್ಣ ನೂಲಿನ ಗಿರಣಿ, ಕಾಗದದ ಗಿರಣಿ, ಮರದ ಕೊಯ್ತದ ಗಿರಣಿಗಳಿದ್ದವು. ಅವಕ್ಕೆ ರೈಲು ಬೇಕಿತ್ತು, ಆದರೆ ದೊಡ್ಡ ಹಳಿ ಹಾಕಬೇಕೆಂದರೆ ದೊಡ್ಡ ತಿರುವು, ದೊಡ್ಡ ಸೇತುವೆ, ಸುರಂಗ ಎಲ್ಲ ಬೇಕು. 750 ಮಿ.ಮೀ. ಹಳಿಯಾದರೆ ಹೊಳೆಯ ದಂಡೆ ಹಿಡಿದು, ಊರಿನ ಮನೆಗಳ ಪಕ್ಕದಲ್ಲೇ ನುಸುಳಿ ಹೋಗಬಹುದು. 1881ರಲ್ಲಿ ವಿಲ್ಕೌ-ಹಾಸ್ಲೌ ಎಂಬಲ್ಲಿಂದ ಕಿರ್ಚ್‌ಬರ್ಗ್‌ಗೆ ಮೊದಲ ಮಾರ್ಗ ಶುರುವಾಯಿತು. ಮುಂದೆ ಸ್ಯಾಕ್ಸನಿಯಲ್ಲೇ 500 ಕಿ.ಮೀ.ಗೂ ಹೆಚ್ಚು ಇಂಥ ಹಳಿ ಬಂತು. ಬಾಲ್ಟಿಕ್ ಸಮುದ್ರದ ದಂಡೆಯ ಬಾಡ್ ಡೊಬೆರಾನ್‌ನಲ್ಲಿ 900 ಮಿ.ಮೀ., ಹಾರ್ಟ್ಸ್‌ನಲ್ಲಿ 1000, ಮುಸ್ಕೌ ಕಾಡಿನ ರೈಲಿಗೆ 600. ಒಂದೊಂದು ಕಡೆ ಒಂದೊಂದು ಅಳತೆ.

ಅಳತೆ ಬೇರೆಯಾದರೆ ಒಂದು ತಲೆನೋವು ಇರುತ್ತದೆ. ದೊಡ್ಡ ಹಳಿಯಲ್ಲಿ ಬಂದ ಮಾಲನ್ನು ಇಳಿಸಿ ಸಣ್ಣ ಗಾಡಿಗೆ ತುಂಬಬೇಕು. ನಮ್ಮಲ್ಲೂ ಮಿರಜದಲ್ಲಿ, ಹೊಟಗಿಯಲ್ಲಿ ಇದು ವರ್ಷಾನುಗಟ್ಟಲೆ ನಡೆದ ಕೆಲಸ, ಹಮಾಲರು ಒಂದು ಗಾಡಿಯಿಂದ ಇನ್ನೊಂದಕ್ಕೆ ಚೀಲ ಹೊರುತ್ತಿದ್ದರು. ಜರ್ಮನ್ನರು ಇದಕ್ಕೆ ಒಂದು ಉಪಾಯ ಮಾಡಿದರು. ದೊಡ್ಡ ಗೇಜಿನ ವ್ಯಾಗನ್ನನ್ನೇ ಎತ್ತಿ, ಸಣ್ಣ ಗೇಜಿನ ತಗ್ಗಾದ ಟ್ರಾಲಿಗಳ ಮೇಲೆ ಕೂರಿಸಿ ಎಳೆದುಕೊಂಡು ಹೋದರು. ಆ ಫೋಟೋ ನೋಡಿದರೆ ಭಯ ಆಗುತ್ತದೆ, ಕೆಳಗೆ ಮುಕ್ಕಾಲು ಮೀಟರ್ ಹಳಿ, ಮೇಲೆ ಅಷ್ಟು ಎತ್ತರದ ವ್ಯಾಗನ್. ಆದರೂ ದಶಕಗಟ್ಟಲೆ ಅದೇ ಪದ್ಧತಿ ನಡೆಯಿತು.

ಇನ್ನು ಎಂಜಿನ್‌ಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನನಗೆ ಇಷ್ಟವಾದ ಭಾಗ ಇದು.

ಸಣ್ಣ ಹಳಿ ಅಂದರೆ ಬಿಗಿ ತಿರುವು. ಏರು ಹತ್ತಬೇಕೆಂದರೆ ಎಂಜಿನ್‌ಗೆ ಶಕ್ತಿ ಬೇಕು, ಶಕ್ತಿ ಹಳಿಗೆ ಇಳಿಯಬೇಕೆಂದರೆ ಓಡಿಸುವ ಗಾಲಿಗಳು ಜಾಸ್ತಿ ಬೇಕು. ಗಾಲಿ ಜಾಸ್ತಿಯಾದರೆ ಎಂಜಿನ್ ಉದ್ದವಾಗುತ್ತದೆ, ಉದ್ದ ಎಂಜಿನ್ ಬಿಗಿ ತಿರುವಿನಲ್ಲಿ ತಿರುಗುವುದಿಲ್ಲ. ಈ ಒಂದು ಗಂಟನ್ನು ಬಿಚ್ಚಲು ಆ ಕಾಲದ ಎಂಜಿನಿಯರುಗಳು ಎಷ್ಟು ದಾರಿ ಹುಡುಕಿದರು ನೋಡಿ.

ಒಂದು ದಾರಿ, ಗಾಲಿಗಳನ್ನು ಎರಡು ಗುಂಪು ಮಾಡುವುದು. ಸ್ಯಾಕ್ಸನಿಯ 4ಕೆ ವರ್ಗದ ಎಂಜಿನ್ ಹಾಗೆ ಇದೆ. ಎಂಜಿನ್ ಅಡಿಯಲ್ಲಿ ಮುಂದೆ ಒಂದು ಗಾಲಿ ಚೌಕಟ್ಟು, ಹಿಂದೆ ಒಂದು ಗಾಲಿ ಚೌಕಟ್ಟು, ಎರಡೂ ತಿರುಗುತ್ತವೆ, ಎರಡಕ್ಕೂ ಸ್ವಂತ ಸಿಲಿಂಡರ್ ಇವೆ. ಬಾಯ್ಲರ್‌ನಿಂದ ಬಂದ ಉಗಿ ಮೊದಲು ಹಿಂದಿನ ಸಣ್ಣ ಸಿಲಿಂಡರ್‌ಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡಿದ ಮೇಲೂ ಅದರಲ್ಲಿ ಒತ್ತಡ ಉಳಿದಿರುತ್ತದಲ್ಲ, ಅದು ಮುಂದಿನ ದೊಡ್ಡ ಸಿಲಿಂಡರ್‌ಗೆ ಹೋಗಿ ಮತ್ತೊಮ್ಮೆ ಕೆಲಸ ಮಾಡುತ್ತದೆ. ಕಲ್ಲಿದ್ದಲೂ ಉಳಿಯಿತು, ತಿರುವೂ ಸಿಕ್ಕಿತು. ಕೆಮ್ನಿಟ್ಸ್‌ನ ಹಾರ್ಟ್‌ಮನ್ ಕಾರ್ಖಾನೆ 1892ರಿಂದ 1921ರ ತನಕ ಇಂಥ 96 ಎಂಜಿನ್ ಮಾಡಿತು. ಮೂವತ್ತು ವರ್ಷ ಒಂದೇ ಮಾದರಿ! ಅದು ಎಷ್ಟು ಸರಿಯಾಗಿ ಕೂತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನೊಂದು ದಾರಿ ಕಂಡುಹಿಡಿದವರು ಕ್ಲೀನ್ ಮತ್ತು ಲಿಂಡ್ನರ್, ಅವರೂ ಸ್ಯಾಕ್ಸನಿ ರೈಲ್ವೆಯ ಎಂಜಿನಿಯರುಗಳೇ. ಇವರು ಗಾಲಿಗಳನ್ನು ಬೇರೆ ಮಾಡಲಿಲ್ಲ, ಆಕ್ಸಲ್‌ನ್ನೇ ಎರಡು ಪದರ ಮಾಡಿದರು. ಬಿದಿರಿನ ಕೊಳವೆಯೊಳಗೆ ಒಂದು ಸಲಾಕೆ ತೂರಿಸಿದಂತೆ ಅಂದುಕೊಳ್ಳಿ. ಒಳಗಿನ ಗಟ್ಟಿ ಆಕ್ಸಲ್ ಫ್ರೇಮ್‌ನಲ್ಲಿ ನೇರ ಕೂತಿರುತ್ತದೆ, ರಾಡ್‌ಗಳು ಅದನ್ನು ತಿರುಗಿಸುತ್ತವೆ. ಹೊರಗಿನ ಟೊಳ್ಳು ಆಕ್ಸಲ್‌ಗೆ ಗಾಲಿ ಹಾಕಿರುತ್ತಾರೆ. ನಟ್ಟನಡುವೆ ಒಂದು ಗುಂಡಿನ ಜಾಯಿಂಟ್. ಒಳಗಿನದು ತಿರುಗಿದಾಗ ಹೊರಗಿನದೂ ಜೊತೆಗೆ ತಿರುಗುತ್ತದೆ, ಆದರೆ ತಿರುವು ಬಂದಾಗ ಹೊರಗಿನದು ಸ್ವಲ್ಪ ಓರೆಯಾಗಬಲ್ಲದು, ಅಕ್ಕಪಕ್ಕ ಸರಿಯಬಲ್ಲದು. ಇದನ್ನು ಬರೆಯುವುದು ಸುಲಭ. ಅಂದಿನ ಲೇಥ್‌ಗಳಲ್ಲಿ, ಅಂದಿನ ಉಕ್ಕಿನಲ್ಲಿ, ಆ ಟೊಳ್ಳು ಆಕ್ಸಲ್‌ನ್ನು ತುಂಡಾಗದ ಹಾಗೆ ಮಾಡಿ, ಅದರೊಳಗೆ ಎಣ್ಣೆ ನಿಲ್ಲುವ ಹಾಗೆ ಮಾಡಿ, ಟನ್‌ಗಟ್ಟಲೆ ಭಾರ ಹೊರಿಸುವುದು ಎಷ್ಟು ಕಷ್ಟ ಅಂತ ಮಶೀನ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ.

ಈ ಆಕ್ಸಲ್ ಇದ್ದ ಎಂಜಿನ್‌ಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಜರ್ಮನ್ ಸೈನ್ಯದ ಬ್ರಿಗೇಡ್ ಎಂಜಿನ್. 600 ಮಿ.ಮೀ. ಹಳಿಗೆ ಮಾಡಿದ್ದು, ಎಂಟು ಗಾಲಿ. ಮೊದಲ ಮಹಾಯುದ್ಧದಲ್ಲಿ ಮುಂಚೂಣಿಗೆ ಮದ್ದುಗುಂಡು, ಆಹಾರ, ಗಾಯಗೊಂಡವರನ್ನು ಹೊತ್ತದ್ದು ಇವೇ. ಹಲವಾರು ಕಾರ್ಖಾನೆಗಳು ಸೇರಿ 2,500ರಷ್ಟು ಮಾಡಿದವು. ಯುದ್ಧ ಮುಗಿದ ಮೇಲೆ ಇವು ಮರದ ಕಾಡುಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ, ಸಕ್ಕರೆ ಗಿರಣಿಗಳಿಗೆ, ಬೇರೆಬೇರೆ ದೇಶಗಳಿಗೆ ಹರಡಿಹೋದವು.

ಈಗ ಮಾಥೇರಾನ್‌ಗೆ ಬರೋಣ. ಬೆಳಗಾವಿಯಿಂದ ಪುಣೆ, ಅಲ್ಲಿಂದ ಕರ್ಜತ್, ನೇರಳ. ನಮ್ಮಲ್ಲಿ ಬಹಳ ಜನ ಹೋಗಿಬಂದಿದ್ದೀರಿ. ಆದಮ್‌ಜಿ ಪೀರ್‌ಭಾಯ್ ಕುಟುಂಬ ಕಟ್ಟಿಸಿದ, 1907ರಲ್ಲಿ ಶುರುವಾದ ಆ ಪುಟ್ಟ ರೈಲಿಗೆ ಬಂದ ನಾಲ್ಕು ಉಗಿ ಎಂಜಿನ್‌ಗಳು ಜರ್ಮನಿಯವು. ಬರ್ಲಿನ್‌ನ ಓರೆನ್‌ಸ್ಟೈನ್ ಅಂಡ್ ಕೋಪೆಲ್ ಕಂಪನಿ ಮಾಡಿದ್ದು. ಅವುಗಳಲ್ಲೂ ಇದೇ ಕ್ಲೀನ್-ಲಿಂಡ್ನರ್ ಆಕ್ಸಲ್! ನೇರಳದಿಂದ ಮೇಲೆ ಹತ್ತುವಾಗ ಬರುವ ಆ ಹಾವಿನಂಥ ತಿರುವುಗಳಲ್ಲಿ ಅವು ಹೇಗೆ ತಿರುಗುತ್ತಿದ್ದವು ಅನ್ನುವುದಕ್ಕೆ ಸ್ಯಾಕ್ಸನಿಯ ಈ ಇಬ್ಬರ ಲೆಕ್ಕಾಚಾರವೇ ಕಾರಣ. ಮುಂದೆ ಡೀಸೆಲ್ ಬಂದಾಗಲೂ ಮೊದಲು ಬಂದ ಎಂಜಿನ್‌ಗಳು ಜರ್ಮನಿಯ ಯುಂಗ್ ಕಂಪನಿಯವೇ. ಆ ನಾಲ್ಕು ಉಗಿ ಎಂಜಿನ್‌ಗಳಲ್ಲಿ ಒಂದು ದೆಹಲಿಯ ರಾಷ್ಟ್ರೀಯ ರೈಲ್ ಮ್ಯೂಸಿಯಂನಲ್ಲಿ ನಿಂತಿದೆ. 740 ನಂಬರಿನದು ಇಂಗ್ಲೆಂಡಿನ ಲೇಟನ್ ಬಜರ್ಡ್ ಎಂಬ ಊರಿನ ಸಣ್ಣ ರೈಲಿಗೆ ಹೋಗಿ ಸೇರಿದೆ, ಅಲ್ಲಿನವರು ಅದನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಉಗಿ ಎಬ್ಬಿಸಿ ಓಡಿಸಿದ್ದಾರೆ. ಭಾರತದ ಬೆಟ್ಟ ಹತ್ತಿದ ಜರ್ಮನ್ ಎಂಜಿನ್ ಇಂಗ್ಲೆಂಡಿನಲ್ಲಿ ಓಡುತ್ತಿದೆ. ನನಗೆ ಖುಷಿಯೂ ಆಯಿತು, ಹೊಟ್ಟೆ ಉರಿಯೂ ಆಯಿತು.

ಓರೆನ್‌ಸ್ಟೈನ್ ಅಂಡ್ ಕೋಪೆಲ್ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್‌ನಲ್ಲಿದ್ದ ಅವರ ಎಂಜಿನ್ ಕಾರ್ಖಾನೆ ಎರಡನೇ ಮಹಾಯುದ್ಧದ ನಂತರ ಪೂರ್ವ ಜರ್ಮನಿ ಸರ್ಕಾರದ ಕೈಗೆ ಹೋಯಿತು. ಕಾರ್ಲ್ ಮಾರ್ಕ್ಸ್ ಹೆಸರಿಟ್ಟರು. ಆಗ ಪೂರ್ವ ಜರ್ಮನಿಯ ಸಣ್ಣ ಹಳಿಗಳ ಸ್ಥಿತಿ ಬಹಳ ಕೆಟ್ಟಿತ್ತು. ಯುದ್ಧದ ಪರಿಹಾರ ಅಂತ ಸೋವಿಯತ್ ಒಕ್ಕೂಟ ಎಂಜಿನ್‌ಗಳನ್ನೂ ಹಳಿಗಳನ್ನೂ ಕಿತ್ತುಕೊಂಡು ಹೋಗಿತ್ತು. ಹಾರ್ಟ್ಸ್‌ನಲ್ಲೇ ಸೆಲ್ಕೆ ಕಣಿವೆಯ ಹಳಿಯನ್ನು 1946ರಲ್ಲಿ ಬಿಚ್ಚಿ ಒಯ್ದರು. 1930ರ ಹೊತ್ತಿಗೆ ಮಾಡಿದ್ದ ಮೂರು ಭಾರೀ ಮೀಟರ್ ಗೇಜ್ ಎಂಜಿನ್‌ಗಳಲ್ಲಿ ಎರಡು ಯುದ್ಧ ಕಾಲದಲ್ಲೇ ನಾರ್ವೆಗೆ ಹೋಗಿದ್ದವು, ಉಳಿದದ್ದು 99 222 ನಂಬರಿನದು ಒಂದೇ. ಆ ಒಂದರ ಮಾದರಿ ಹಿಡಿದು 1954ರಿಂದ 1956ರ ಒಳಗೆ ಬಾಬೆಲ್ಸ್‌ಬರ್ಗ್ ಕಾರ್ಖಾನೆ 17 ಹೊಸ ಎಂಜಿನ್ ಮಾಡಿತು. ಮಾಥೇರಾನ್‌ಗೆ ಎಂಜಿನ್ ಕೊಟ್ಟ ಕಂಪನಿಯ ಕಾರ್ಖಾನೆಯಿಂದಲೇ ಹೊರಬಂದ ಆ 17 ಎಂಜಿನ್‌ಗಳ ಮೇಲೇ ಇವತ್ತಿಗೂ ಹಾರ್ಟ್ಸ್‌ನ ಭಾರ ನಿಂತಿದೆ.

ನಾನು ಹತ್ತಿದ ಗಾಡಿ ಎಳೆದದ್ದೂ ಅವುಗಳಲ್ಲೇ ಒಂದು. ಹತ್ತು ಓಡಿಸುವ ಗಾಲಿ, ಮುಂದೆ ಹಿಂದೆ ಎರಡೆರಡು ಸಣ್ಣ ಗಾಲಿ. ಸ್ಪೀಡ್ ಏನೂ ಇಲ್ಲ, ಹೆಚ್ಚೆಂದರೆ ಗಂಟೆಗೆ 40 ಕಿ.ಮೀ. ಆದರೆ ಕೆಲಸ ನೋಡಬೇಕು. ವೆರ್ನಿಗೆರೋಡೆಯಿಂದ ಹೊರಟು, ಡ್ರೈ ಆನ್ನೆನ್ ಹೋನೆ ಎಂಬ ಜಂಕ್ಷನ್‌ನಲ್ಲಿ ನೀರು ಕುಡಿದು, ಅಲ್ಲಿಂದ ಬ್ರೊಕೆನ್ ಶಿಖರಕ್ಕೆ ಏರುತ್ತದೆ. ಏರು 30ಕ್ಕೆ 1, ಅಂದರೆ 30 ಮೀಟರ್ ಹೋದರೆ 1 ಮೀಟರ್ ಮೇಲೆ. ಕೊನೆಗೆ ಹಳಿ ಬೆಟ್ಟದ ತುದಿಯನ್ನೇ ಸುತ್ತು ಹಾಕಿ ಮೇಲೆ ಬರುತ್ತದೆ. ಸ್ಟೇಷನ್ ಇರುವುದು 1125 ಮೀಟರ್ ಎತ್ತರದಲ್ಲಿ. ಹಲ್ಲಿನ ಹಳಿ ಇಲ್ಲ, ಏನಿಲ್ಲ, ಬರೀ ಗಾಲಿಯ ಹಿಡಿತ. ತುಂಬಿದ ಬೋಗಿಗಳನ್ನು ಹಿಡಿದು ಎಂಜಿನ್ ಒಂದೇ ಸಮನೆ ದುಡಿಯುವ ಸದ್ದನ್ನು ಕೇಳುತ್ತಾ ನಾನು ಕಿಟಕಿ ಬಿಟ್ಟು ಏಳಲಿಲ್ಲ. ಫೈರ್‌ಮನ್ ಸಲಿಕೆ ಹಾಕಿದಾಗಲೆಲ್ಲ ಹೊಗೆಯ ಬಣ್ಣ ಬದಲಾಗುತ್ತಿತ್ತು, ಅದನ್ನು ನೋಡಿಯೇ ಒಳಗಿನ ಬೆಂಕಿ ಹೇಗಿದೆ ಅಂತ ಹೇಳಬಹುದಿತ್ತು.

ಇದು ಉಳಿದದ್ದು ಹೇಗೆ? ಪಶ್ಚಿಮ ಜರ್ಮನಿಯಲ್ಲಿ 1950-60ರ ದಶಕದಲ್ಲಿ ಕಾರು, ಲಾರಿ, ರಸ್ತೆ ಎಲ್ಲ ಬಂದು ಸಣ್ಣ ಹಳಿಗಳು ಒಂದೊಂದಾಗಿ ಮುಚ್ಚಿದವು. ಎಂಜಿನ್‌ಗಳು ಗುಜರಿಗೆ ಹೋದವು. ಆಗ ಕೆಲವು ಹುಡುಗರು, ರೈಲಿನ ಹುಚ್ಚು ಹಿಡಿದವರು, ಒಂದು ಸಂಘ ಕಟ್ಟಿಕೊಂಡು ಬ್ರುಖ್‌ಹೌಸೆನ್-ಫಿಲ್ಸೆನ್‌ನಿಂದ ಆಸೆನ್‌ಡಾರ್ಫ್‌ಗೆ ಹೋಗುವ 8 ಕಿ.ಮೀ. ಮೀಟರ್ ಗೇಜ್ ಹಳಿಯ ಮೇಲೆ 1966ರ ಜುಲೈ 2ರಂದು ಉಗಿ ರೈಲು ಓಡಿಸಿದರು. ಜರ್ಮನಿಯ ಮೊದಲ ಮ್ಯೂಸಿಯಂ ರೈಲು ಅದು. ಅವರ ಮೊದಲ ಎಂಜಿನ್ 1899ರಲ್ಲಿ ಹ್ಯಾನೋವರ್‌ನ ಹಾನೊಮಾಗ್ ಮಾಡಿದ್ದು. ಸಂಬಳ ಇಲ್ಲ, ರಜೆ ದಿನ ಬಂದು ಬಾಯ್ಲರ್ ತೊಳೆಯುವುದು, ಹಳಿ ಕೆಳಗಿನ ಮರದ ಸ್ಲೀಪರ್ ಬದಲಿಸುವುದು. ಅಲ್ಲಿಂದಲೇ ದೇಶದ ತುಂಬಾ ಇಂಥ ಸಂಘಗಳು ಹುಟ್ಟಿದವು.

ಪೂರ್ವ ಜರ್ಮನಿಯ ಕತೆ ಬೇರೆ. ಅಲ್ಲೂ 1960ರ ದಶಕದಲ್ಲಿ ಎಲ್ಲ ಸಣ್ಣ ಹಳಿ ಮುಚ್ಚಬೇಕು ಅಂತಲೇ ತೀರ್ಮಾನವಾಗಿತ್ತು, ಬಹಳಷ್ಟು ಮುಚ್ಚಿದವು ಕೂಡ. ಆದರೆ ಎಲ್ಲ ಕಡೆ ಲಾರಿ, ಬಸ್ಸು ಓಡಿಸುವಷ್ಟು ಅನುಕೂಲ ಆ ದೇಶಕ್ಕೆ ಇರಲಿಲ್ಲ. ನೆಲದಡಿ ಕಲ್ಲಿದ್ದಲು ಇತ್ತು, ಎಣ್ಣೆ ಇರಲಿಲ್ಲ. ಕೊನೆಗೆ ಕೆಲವು ಮಾರ್ಗಗಳನ್ನು ಪ್ರವಾಸಕ್ಕೆ, ಹಳೆಯ ತಂತ್ರಜ್ಞಾನದ ಸ್ಮಾರಕ ಅಂತ ಉಳಿಸಿಕೊಳ್ಳುವ ನಿರ್ಧಾರಕ್ಕೆ ಬಂದರು. ಬಡತನದಿಂದ ಉಳಿಯಿತು ಅಂತ ಕೆಲವರು ಬರೆಯುತ್ತಾರೆ. ಅರ್ಧ ನಿಜ. ಬರೀ ಬಡತನದಿಂದ ಬಾಯ್ಲರ್ ಉಳಿಯುವುದಿಲ್ಲ. 1960ರ ದಶಕದಲ್ಲೇ ಗೊರ್ಲಿಟ್ಸ್ ವರ್ಕ್‌ಶಾಪಿನಲ್ಲಿ ಹಳೇ 4ಕೆ ಎಂಜಿನ್‌ಗಳಿಗೆ ಹೊಸ ವೆಲ್ಡಿಂಗ್ ಬಾಯ್ಲರ್, ಹೊಸ ಫ್ರೇಮ್ ಹಾಕಿದರು. ಆ ಕೆಲಸ ಮಾಡದೇ ಇದ್ದಿದ್ದರೆ ಇವತ್ತು ಸ್ಯಾಕ್ಸನಿಯಲ್ಲಿ ಓಡುತ್ತಿರುವ 4ಕೆಗಳನ್ನು ನಾವು ಫೋಟೋದಲ್ಲಿ ಮಾತ್ರ ನೋಡಬೇಕಿತ್ತು.

ಬ್ರೊಕೆನ್ ಶಿಖರವನ್ನು 1961ರಲ್ಲಿ, ಬರ್ಲಿನ್ ಗೋಡೆ ಬಂದಾಗ, ಜನರಿಗೆ ಮುಚ್ಚಿಬಿಟ್ಟರು. ಎರಡು ಜರ್ಮನಿಗಳ ಗಡಿ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತಿತ್ತು, ಮೇಲೆ ಸೈನ್ಯ ಕೂತಿತ್ತು. ರೈಲು ಅವರಿಗೆ ಸಾಮಾನು ಒಯ್ಯುತ್ತಿತ್ತು, ಜನ ಮಾತ್ರ ಕೆಳಗಿನಿಂದ ನೋಡಬೇಕು. ಮೂವತ್ತು ವರ್ಷ ಹೀಗೇ. ಗೋಡೆ ಬಿದ್ದ ಮೇಲೆ ಹಳಿ ರಿಪೇರಿ ಮಾಡಿ 1991ರ ಸೆಪ್ಟೆಂಬರ್ 15ರಂದು ಮತ್ತೆ ಶಿಖರಕ್ಕೆ ಉಗಿ ರೈಲು ಹತ್ತಿತು. 1993ರಲ್ಲಿ ಇಡೀ ಜಾಲವನ್ನು ಒಂದು ಹೊಸ ಕಂಪನಿಗೆ ಕೊಟ್ಟರು. ಅದರ ಒಡೆಯರು ಯಾರು ಗೊತ್ತಾ? ಹಳಿಯ ಉದ್ದಕ್ಕೂ ಇರುವ ಜಿಲ್ಲೆಗಳು, ಊರುಗಳು. ನಮ್ಮ ಲೆಕ್ಕದಲ್ಲಿ ಜಿಲ್ಲಾ ಪಂಚಾಯಿತಿ, ಪುರಸಭೆಗಳೇ ಸೇರಿ ರೈಲು ನಡೆಸಿದ ಹಾಗೆ. ಮೇಲಿನಿಂದ ರಾಜ್ಯ ಸರ್ಕಾರಗಳ ಸಹಾಯಧನ ಬರುತ್ತದೆ. 2006ರಲ್ಲಿ ಇವರು ಗೆರ್ನ್‌ರೋಡೆಯಿಂದ ಕ್ವೆಡ್ಲಿನ್‌ಬರ್ಗ್‌ವರೆಗಿನ ದೊಡ್ಡ ಗೇಜ್ ಹಳಿಯನ್ನು ಕಿತ್ತು ಮೀಟರ್ ಗೇಜ್ ಮಾಡಿದರು. ಇಲ್ಲಿ ನಾವು ಮೀಟರ್ ಗೇಜನ್ನು ದೊಡ್ಡದು ಮಾಡುತ್ತಿದ್ದ ಅದೇ ವರ್ಷಗಳಲ್ಲಿ!

ಸ್ಯಾಕ್ಸನಿಯ ಪ್ರೆಸ್ನಿಟ್ಸ್ ಕಣಿವೆಯದು ಇನ್ನೂ ದೊಡ್ಡ ಕೆಲಸ. 1980ರ ದಶಕದಲ್ಲಿ ಆ ಮಾರ್ಗ ಮುಚ್ಚಿ, ಹಳಿಯನ್ನೇ ಕಿತ್ತು ಹಾಕಿದ್ದರು. ಬರಿ ನೆಲ ಉಳಿದಿತ್ತು. 1990ರ ನಂತರ ಆಸಕ್ತರು ಸೇರಿ ಯೋಷ್ಟಾಟ್‌ನಿಂದ ಸ್ಟೈನ್‌ಬಾಖ್‌ವರೆಗೆ ಸುಮಾರು 8 ಕಿ.ಮೀ. ಹಳಿಯನ್ನು ಮತ್ತೆ ಹಾಕಿದರು. ಸ್ಯಾಕ್ಸನಿಯದೇ ಆದ ವೈಸೆರಿಟ್ಸ್ ಕಣಿವೆಯ ಮಾರ್ಗ 2002ರ ಆಗಸ್ಟ್ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸೇತುವೆ, ಹಳಿ, ದಂಡೆ ಎಲ್ಲ. ಬಿಟ್ಟುಬಿಡಲು ಅದಕ್ಕಿಂತ ಒಳ್ಳೇ ನೆಪ ಬೇಕಾ? ಬಿಡಲಿಲ್ಲ. 2008ರ ಡಿಸೆಂಬರ್‌ನಲ್ಲಿ ಡಿಪ್ಪೋಲ್ಡಿಸ್‌ವಾಲ್ಡೆವರೆಗೆ, 2017ರಲ್ಲಿ ಕೊನೆಯ ಸ್ಟೇಷನ್ ಕಿಪ್ಸ್‌ಡಾರ್ಫ್‌ವರೆಗೆ ಮತ್ತೆ ರೈಲು ಬಂತು. ಹದಿನೈದು ವರ್ಷ ಹಟ ಹಿಡಿದು ಕೂತರು. 2005, 2019ರ ಮಹಾಪೂರ ನೋಡಿದ ಕೃಷ್ಣಾ, ಘಟಪ್ರಭಾ ತೀರದವರಿಗೆ ಈ ಹಟದ ಬೆಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇವೆಲ್ಲದರ ಬೆನ್ನೆಲುಬು ಥುರಿಂಗಿಯಾ ರಾಜ್ಯದ ಮೈನಿಂಗೆನ್ ಎಂಬ ಊರಿನ ವರ್ಕ್‌ಶಾಪ್. 1914ರಲ್ಲಿ ಪ್ರಷ್ಯಾದ ರೈಲ್ವೆಗೆ ಅಂತ ಶುರುವಾದದ್ದು, ಇವತ್ತೂ ಅಲ್ಲಿ ಉಗಿ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುತ್ತಾರೆ. ಹೊಸ ಬಾಯ್ಲರ್ ಮಾಡುತ್ತಾರೆ. ಇಂಗ್ಲೆಂಡಿನವರು ತಮ್ಮ ಹೊಸ ಉಗಿ ಎಂಜಿನ್ ಟೊರ್ನಾಡೋ ಕಟ್ಟುವಾಗ ಬಾಯ್ಲರ್ ಮಾಡಿಸಿಕೊಂಡದ್ದು ಇಲ್ಲಿಂದಲೇ. ಉಗಿ ಎಂಜಿನ್ ಹುಟ್ಟಿದ ದೇಶದವರು! 2009ರಲ್ಲಿ ಮೈನಿಂಗೆನ್‌ನಲ್ಲಿ ಎರಡು ಹೊಸ ಸಣ್ಣ ಗೇಜ್ ಎಂಜಿನ್‌ಗಳು ತಯಾರಾದವು. ಒಂದು ಬಾಡ್ ಡೊಬೆರಾನ್‌ನ ಮೊಲ್ಲಿ ರೈಲಿಗೆ. ಅಲ್ಲಿ 1932ರ ಮೂರು ಎಂಜಿನ್ ಇದ್ದವು, ಕೆಲಸ ಜಾಸ್ತಿ ಆಯಿತು, ಅದೇ ಡ್ರಾಯಿಂಗ್ ಹಿಡಿದು ನಾಲ್ಕನೆಯದು ಮಾಡಿದರು. ಇನ್ನೊಂದು ಸ್ಯಾಕ್ಸನಿಯ 1ಕೆ ವರ್ಗದ್ದು. 1881ರಲ್ಲಿ ಬಂದ ಆ ಮೊದಲ ಮಾದರಿಯ ಒಂದೇ ಒಂದು ಎಂಜಿನ್ ಉಳಿದಿರಲಿಲ್ಲ. ಜನರ ದೇಣಿಗೆ ಎತ್ತಿ, ಬೇರೆಬೇರೆ ಕಂಪನಿಗಳಿಂದ ಭಾಗಗಳನ್ನು ಮಾಡಿಸಿ, 54 ನಂಬರ್ ಹಾಕಿ ಹೊಸದನ್ನೇ ಕಟ್ಟಿದರು.

ಇದು ಹಳೇ ಎಂಜಿನ್ನೇ, ಹೊಸದೇ ಅಂತ ಜಗಳ ಮಾಡುವವರಿದ್ದಾರೆ. ಬಾಯ್ಲರ್ ಹೊಸದು, ಸಿಲಿಂಡರ್ ಹೊಸದು, ಹಾರ್ಟ್ಸ್‌ನ ಕೆಲವು ಎಂಜಿನ್‌ಗಳಿಗೆ ಫ್ರೇಮ್ ಕೂಡ ಹೊಸದು, ಇನ್ನೇನು ಉಳಿಯಿತು ಅಂತ ಕೇಳುತ್ತಾರೆ. ಫೌಂಡ್ರಿಯವನಾಗಿ ನನ್ನ ಉತ್ತರ ಸ್ಪಷ್ಟ ಇದೆ. ಉಗಿ ಎಂಜಿನ್ ಅನ್ನುವುದು ಹುಟ್ಟಿದ ದಿನದಿಂದಲೇ ಸವೆಯಲು ಶುರುವಾಗುವ ಯಂತ್ರ. ಬ್ರೇಕ್ ಬ್ಲಾಕ್ ಸವೆಯುತ್ತದೆ, ಬೆಂಕಿ ಗೂಡಿನ ಬೀಡು ಸರಳುಗಳು ಸುಟ್ಟುಹೋಗುತ್ತವೆ, ಬಾಯ್ಲರ್ ಟ್ಯೂಬ್ ತೆಳ್ಳಗಾಗುತ್ತವೆ, ಬೇರಿಂಗ್‌ನ ಒಳಮೈಯ ಮೆತ್ತನೆ ಲೋಹ, ಅಂದರೆ ವೈಟ್ ಮೆಟಲ್, ಕರಗಿಸಿ ಮತ್ತೆ ಹುಯ್ಯಬೇಕು. ಮಾಡಿದವರೇ ಇವನ್ನೆಲ್ಲ ಬದಲಿಸುತ್ತಲೇ ಇರಬೇಕು ಅಂತ ತಿಳಿದು ಮಾಡಿದ್ದು. ಅದಕ್ಕೇ ಪ್ರತಿ ಭಾಗಕ್ಕೂ ಡ್ರಾಯಿಂಗ್ ಇಟ್ಟರು, ಪ್ಯಾಟರ್ನ್ ಇಟ್ಟರು. ಹಾಗಾಗಿ ಡ್ರಾಯಿಂಗ್, ಪ್ಯಾಟರ್ನ್, ಅದನ್ನು ಓದಬಲ್ಲ ಕೈ ಇದ್ದರೆ ಎಂಜಿನ್ ಇದೆ. ಇವು ಮೂರೂ ಹೋಗಿ, ಬರೀ 1905ರ ಅಸಲಿ ಲೋಹ ಪಾರ್ಕಿನಲ್ಲಿ ಬಣ್ಣ ಬಳಿಸಿಕೊಂಡು ನಿಂತಿದ್ದರೆ, ಅದರ ಹೊಗೆ ಗೂಡಿನಲ್ಲಿ ಮಳೆನೀರು ನಿಂತು ತಳ ತೂತಾಗಿದ್ದರೆ, ಅದನ್ನು ಉಳಿಸಿಕೊಂಡಿದ್ದೇವೆ ಅಂತ ನಾನು ಒಪ್ಪುವುದಿಲ್ಲ.

ಉಗಿ ಎಂಜಿನ್‌ನ ಸಿಲಿಂಡರ್ ಎರಕ ನೋಡಿದ್ದೀರಾ? ಹೊರಗಿನಿಂದ ನೋಡಿದರೆ ದಪ್ಪ ಪೈಪು. ಒಳಗೆ ಉಗಿ ಬರುವ ದಾರಿ, ಹೋಗುವ ದಾರಿ, ವಾಲ್ವ್ ಆಡುವ ಜಾಗ, ಎಲ್ಲ ಒಂದೇ ಎರಕದಲ್ಲಿ. ಅದಕ್ಕೆ ಕೋರ್ ಮಾಡುವುದು, ಅದು ಹುಯ್ಯುವಾಗ ತೇಲದ ಹಾಗೆ ಹಿಡಿಯುವುದು, ಗಾಳಿ ಹೊರಗೆ ಹೋಗಲು ದಾರಿ ಬಿಡುವುದು ದೊಡ್ಡ ವಿದ್ಯೆ. ಹತ್ತು ವರ್ಷ ಯಾರೂ ಮಾಡದಿದ್ದರೆ ಆ ವಿದ್ಯೆ ಊರು ಬಿಟ್ಟು ಹೋಗುತ್ತದೆ. ವೆರ್ನಿಗೆರೋಡೆಯಲ್ಲಿ ಈಗ ಎಂಜಿನ್ ರಿಪೇರಿಗೆ ತಮ್ಮದೇ ಹೊಸ ವರ್ಕ್‌ಶಾಪ್ ಕಟ್ಟಿದ್ದಾರೆ, ಜನ ಮೇಲಿನ ಗ್ಯಾಲರಿಯಿಂದ ಕೆಲಸ ನೋಡಬಹುದು. ಶಾಲೆ ಮಕ್ಕಳು ಬಾಯ್ಲರ್ ಒಳಗಿನ ಟ್ಯೂಬ್ ನೋಡುತ್ತಾ ನಿಂತುಬಿಡುತ್ತಾರೆ. ಪಾರ್ಕಿನ ಎಂಜಿನ್ ಮುಂದೆ ಮಕ್ಕಳು ಅಷ್ಟು ಹೊತ್ತು ನಿಲ್ಲುವುದಿಲ್ಲ.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಹಾರ್ಟ್ಸ್‌ನ ಕಾಡು ಬಹಳ ಕಡೆ ಸತ್ತುಹೋಗಿದೆ. ಬರಗಾಲ, ಅದರ ಮೇಲೆ ತೊಗಟೆ ಕೊರೆಯುವ ಹುಳ, ಸ್ಪ್ರೂಸ್ ಮರಗಳು ಒಣಗಿ ಬೂದು ಬಣ್ಣದಲ್ಲಿ ನಿಂತಿವೆ. ಒಣ ಕಾಡಿನಲ್ಲಿ ಕಿಡಿ ಹಾರಿಸುವ ಎಂಜಿನ್ ಓಡಿಸುವುದು ಅಪಾಯ. 2022ರಲ್ಲಿ ಬ್ರೊಕೆನ್ ಬಳಿ ದೊಡ್ಡ ಕಾಡ್ಗಿಚ್ಚುಗಳಾದವು. ಬೆಂಕಿ ಅಪಾಯ ಜಾಸ್ತಿ ಇದ್ದ ದಿನ ಉಗಿ ಬಿಟ್ಟು ಡೀಸೆಲ್ ಹಾಕುತ್ತಾರೆ. ಕಲ್ಲಿದ್ದಲು ದುಬಾರಿ, ಸಿಗುವುದೂ ಕಷ್ಟ. ಕಲ್ಲಿದ್ದಲು ಬಿಟ್ಟು ಎಣ್ಣೆ ಉರಿಸೋಣ ಅನ್ನುವ ಚರ್ಚೆಯೂ ನಡೆದಿದೆ. ನನ್ನ ಮಟ್ಟಿಗೆ ಎಣ್ಣೆಯಾದರೂ ಪರವಾಗಿಲ್ಲ, ಉಗಿ ಏಳಬೇಕು, ಬಾಯ್ಲರ್ ಕೆಲಸ ನಡೆಯುತ್ತಿರಬೇಕು.

ಊರಿಗೆ ಬಂದು ವಿಡಿಯೋಗಳನ್ನು ನಮ್ಮ ಕಾಕಾಗೆ ತೋರಿಸಿದೆ. ಅವರು ಹುಬ್ಬಳ್ಳಿ ಶೆಡ್‌ನಲ್ಲಿ ಫೈರ್‌ಮನ್ ಆಗಿದ್ದವರು, ವೈಪಿ, ವೈಜಿ ಎಂಬ ಮೀಟರ್ ಗೇಜ್ ಉಗಿ ಎಂಜಿನ್‌ಗಳ ಮೇಲೆ ಮಿರಜ, ಲೋಂಡಾ, ಗದಗ ಕಡೆ ದುಡಿದವರು. ಮೊಬೈಲ್ ಹತ್ತಿರ ಹಿಡಿದು ಸುಮ್ನೆ ನೋಡಿದರು. ಆಮೇಲೆ, "ಬೆಂಕಿ ಭಾಳ ಚಲೋ ಹಿಡದಾನ ನೋಡು. ಹೊಗಿ ತೆಳ್ಳಗ ಐತಿ. ನಮಗೂ ಹಂಗ ಮಾಡ್ರಿ ಅಂತ ಡ್ರೈವರ್ ಬೈತಿದ್ದ" ಅಂದರು. "ಕಾಕಾ, ಬೆಳಿಗ್ಗೆ ಗಾಡಿ ಇದ್ರ ಎಷ್ಟೊತ್ತಿಗೆ ಹೋಗ್ತಿದ್ರಿ?" ಅಂತ ಕೇಳಿದೆ. "ರಾತ್ರೀನ ಲೈಟ್‌ಅಪ್ ಆಗ್ತಿತ್ತಪಾ. ಬಾಯ್ಲರ್ ಅವಸರ ಮಾಡಿದ್ರ ಕೇಳೂದಿಲ್ಲ. ಮೆಲ್ಲಕ ಕಾಯಬೇಕು, ಮೆಲ್ಲಕ ಆರಬೇಕು. ಇಲ್ಲಂದ್ರ ಟ್ಯೂಬ್ ಸೋರತಾವು." ಇದೇ ಮಾತನ್ನು ಹಾರ್ಟ್ಸ್‌ನ ಎಂಜಿನ್ ಸಿಬ್ಬಂದಿಯನ್ನು ಕೇಳಿದರೂ ಹೇಳುತ್ತಾರೆ.

ಕಾಕಾ ಓಡಿಸಿದ ವೈಪಿ ಎಂಜಿನ್‌ಗೂ ಜರ್ಮನಿಗೂ ನೇರ ಸಂಬಂಧ ಇದೆ. ಸ್ವಾತಂತ್ರ್ಯದ ನಂತರ ನಮ್ಮ ಮೀಟರ್ ಗೇಜ್‌ಗೆ ಅಂತ ಬಂದ ಈ ಪ್ಯಾಸೆಂಜರ್ ಎಂಜಿನ್‌ಗಳಲ್ಲಿ ಒಂದು ಪಾಲು 1950ರ ದಶಕದಲ್ಲಿ ಮ್ಯೂನಿಕ್‌ನ ಕ್ರೌಸ್-ಮಾಫೈ ಕಾರ್ಖಾನೆಯಲ್ಲಿ ತಯಾರಾಗಿ ಬಂದವು. ಅದೇ ಕಂಪನಿಯ ತಾಂತ್ರಿಕ ನೆರವಿನಿಂದ ಜಮ್‌ಶೆಡ್‌ಪುರದಲ್ಲಿ ಟಾಟಾದವರ ಟೆಲ್ಕೋ ಕಾರ್ಖಾನೆಯಲ್ಲಿ ಎಂಜಿನ್ ಕಟ್ಟುವುದು ಕಲಿತು, ಮುಂದೆ ಅಲ್ಲೇ ನೂರಾರು ವೈಪಿ ಮಾಡಿದರು. ಹೊಗೆ ಗೂಡಿನ ಪಕ್ಕದ ಹಿತ್ತಾಳೆ ಪ್ಲೇಟಿನ ಮೇಲಿನ ಮ್ಯೂನಿಕ್ ಹೆಸರು ಕಾಕಾಗೆ ಇವತ್ತಿಗೂ ನೆನಪಿದೆ. 1990ರ ದಶಕದಲ್ಲಿ ಬೆಳಗಾವಿ ಮಾರ್ಗ, 2000ರ ದಶಕದಲ್ಲಿ ವಿಜಯಪುರ-ಬಾಗಲಕೋಟೆ ಮಾರ್ಗ ಬ್ರಾಡ್ ಗೇಜ್ ಆದವು. ಆಗಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಸಿಮೆಂಟು, ಸಕ್ಕರೆ, ಜನ ಎಲ್ಲ ಹೋಗಬೇಕಲ್ಲ. ಆದರೆ ಒಂದು ಹತ್ತು ಕಿ.ಮೀ. ಹಳಿ, ಎರಡು ಎಂಜಿನ್, ಒಂದು ಶೆಡ್ ಎಲ್ಲಾದರೂ ಬಿಟ್ಟಿದ್ದರೆ? ಖಾನಾಪುರದ ಕಾಡಿನ ಕಡೆಯೋ, ಘಟಪ್ರಭಾ ಹತ್ತಿರವೋ? ಆ ಯೋಚನೆ ಆಗ ಯಾರಿಗೂ ಬರಲಿಲ್ಲ.

ಮಾಡಲು ಬರುವುದಿಲ್ಲ ಅಂತ ಅಲ್ಲ. ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ 2011ರಿಂದ ಈಚೆಗೆ ನೀಲಗಿರಿ ರೈಲಿಗೆ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿದ್ದಾರೆ, ಮೊದಲು ಎಣ್ಣೆಯವು, ಆಮೇಲೆ ಕಲ್ಲಿದ್ದಲಿನವೂ. ಅದೂ ಹಲ್ಲಿನ ಹಳಿ ಹಿಡಿದು ಹತ್ತುವ, ನಾಲ್ಕು ಸಿಲಿಂಡರಿನ ಕಷ್ಟದ ಎಂಜಿನ್. ಅಷ್ಟು ಮಾಡಿದವರು ವೈಪಿ ಒಂದಕ್ಕೆ ಬಾಯ್ಲರ್ ಮಾಡಲಾರರೇ? ಉದ್ಯಮಬಾಗದಲ್ಲಿ ಬ್ರೇಕ್ ಬ್ಲಾಕ್, ಬೆಂಕಿ ಗೂಡಿನ ಸರಳು, ಸಿಲಿಂಡರ್ ಎರಕ ಹುಯ್ಯಬಲ್ಲ ಫೌಂಡ್ರಿಗಳು ಎಷ್ಟಿವೆ ಅಂತ ನನಗೆ ಗೊತ್ತು. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ಮ್ಯೂಸಿಯಂ ಶುರುವಾಗಿದೆ, ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲೇ ಒಂದು ತುಂಡು ಮೀಟರ್ ಗೇಜ್ ಹಳಿ, ಉಗಿ ಏಳುವ ಒಂದು ಎಂಜಿನ್ ಇರಬೇಕು ಅನ್ನುವುದು ನನ್ನ ಆಸೆ.

ಸದ್ಯಕ್ಕೆ ನಾನು ಕಾಕಾ ಮತ್ತು ಅವರ ಜೊತೆಗೆ ದುಡಿದವರ ಮಾತುಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಿದ್ದೇನೆ. ಯಾವ ಏರಿಗೆ ಎಷ್ಟು ಬೆಂಕಿ, ಬಾಯ್ಲರ್‌ಗೆ ನೀರು ನುಗ್ಗಿಸುವ ಇಂಜೆಕ್ಟರ್ ಹಿಡಿಯದಿದ್ದರೆ ಏನು ಮಾಡುತ್ತಿದ್ದರು, ನೀರು ಎಲ್ಲಿ ಗಡುಸು, ಬಾಯ್ಲರ್ ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಿದ್ದರು, ವೈಟ್ ಮೆಟಲ್ ಹೇಗೆ ಹುಯ್ಯುತ್ತಿದ್ದರು, ಇಂಥವು. ನಿಮ್ಮ ಮನೆಯಲ್ಲಿ ಮಿರಜ, ಹುಬ್ಬಳ್ಳಿ, ಗದಗ, ವಿಜಯಪುರ ಕಡೆ ಉಗಿ ಎಂಜಿನ್ ಮೇಲೆ ಅಥವಾ ಶೆಡ್‌ನಲ್ಲಿ ಕೆಲಸ ಮಾಡಿದ ಅಜ್ಜ, ಮಾಮಾ, ದೊಡ್ಡಪ್ಪ ಇದ್ದರೆ ಅವರ ಜೊತೆ ಕೂತು ಇದೇ ಪ್ರಶ್ನೆ ಕೇಳಿ, ಬರೆದಿಡಿ. ಫಿಟ್ಟರ್, ಬಾಯ್ಲರ್ ಮೇಕರ್, ಪ್ಯಾಟರ್ನ್ ಮಾಡಿದವರು ಇದ್ದರೆ ಅವರನ್ನು ಮೊದಲು ಕೇಳಿ. ಅಟ್ಟದ ಮೇಲೆ ಹಳೇ ಡ್ರಾಯಿಂಗ್ ಸುರುಳಿ, ಮರದ ಪ್ಯಾಟರ್ನ್, ಶೆಡ್‌ನ ನೋಟ್‌ಬುಕ್ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ನಾನೇ ಬಂದು ಫೋಟೋ ತೆಗೆದುಕೊಳ್ಳುತ್ತೇನೆ, ವಸ್ತು ನಿಮ್ಮ ಹತ್ತಿರವೇ ಇರಲಿ.